ಸೊಲಾಂಜ್ ಕೇಳುತ್ತಿದ್ದ ಪ್ರಶ್ನೆ

ಶವಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿದ ರಾಧಾಕೃಷ್ಣ ಅತ್ತಿತ್ತ ನೋಡಿ, "ಎಡಗಡೆಗೆ ಇನ್ನೊಬ್ಬರು ಬೇಕಲ್ಲ ಮಾರಾಯ್ತಿ," ಎಂದು ಹೆಂಡತಿಗೆ ಪಿಸುಗುಟ್ಟಿದ. ದೇವಕಿ ಛತ್ರಿ ಮಡಚುವುದರೊಳಗೆ, ಹಿಂದಿನಿಂದ ಅರವತ್ತು ದಾಟಿದ ಚೀನೀ ಹೆಂಗಸೊಬ್ಬಳು ದಾಪುಗಾಲಿಟ್ಟು ಬಂದು, ಖಾಲಿಯಿದ್ದ ಹಿಡಿಕೆಯನ್ನು ಹಿಡಿದೇಬಿಟ್ಟಳು.

"ಆಂಟಿ, ತುಂಬ ಹೆವಿ," ಎಂದ ರಾಧಾಕೃಷ್ಣ.

"ನಾನು ಹಂದಿ ಸಾಕಿದವಳು ಲಾ. ಎತ್ತು!" ಎಂದಳು ಅವಳು, ಮಾತಿಗೊಂದು 'ಲಾ' ಸೇರಿಸುವ ಅಲ್ಲಿನ ರೂಢಿಯಲ್ಲಿ.

ಪೆಟ್ಟಿಗೆ ಮೇಲೆದ್ದಿತು. ಪಾದ್ರಿಯ ಹಿಂದೆ ನಡೆಯುತ್ತಾ ದೇವಕಿ ಆ ಹೆಂಗಸಿನ ಬೆನ್ನನ್ನೇ ನೋಡಿದಳು. ಮಲಯ್ ನಾಡಿನ ನಿಲಾಯ್‌ನಲ್ಲಿ, ಈಗ ಆ ಪೆಟ್ಟಿಗೆಯಲ್ಲಿದ್ದ ಸೊಲಾಂಜ್ ವೆರ್ದಿಯೆ ಅವರ ಪಕ್ಕದ ಮನೆಯಲ್ಲಿ ದೇವಕಿ ಹನ್ನೆರಡು ವರ್ಷ ಇದ್ದಳು. ಅವರು ಕಾಫಿಗೆ ಸಕ್ಕರೆ ಹಾಕುವುದಿಲ್ಲ, ಉಡುಪಿಯಿಂದ ತಂದ ಹಪ್ಪಳವೆಂದರೆ ಪ್ರಾಣ, ಫ್ರಾನ್ಸಿನಲ್ಲಿ ಹತ್ತಿರದವರು ಯಾರೂ ಉಳಿದಿಲ್ಲ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಹಂದಿಯ ಜೊಲ್ಲಿನಿಂದಲೇ, ಕೊಟ್ಟಿಗೆಯ ಬಾಗಿಲಲ್ಲೇ ಹಂದಿಜ್ವರ ಪತ್ತೆಹಚ್ಚುವ ಪರೀಕ್ಷೆಯನ್ನು ಮೊದಲು ಕಂಡುಹಿಡಿದ ಪಶುವಿಜ್ಞಾನಿ ಎಂಬುದು ಊರಿಗೇ ಗೊತ್ತಿತ್ತು. ಆದರೆ ಈ ಹೆಂಗಸು ಯಾರು? ಇವಳು ಆ ಮನೆಯ ಗೇಟು ದಾಟಿ ಒಳಗೆ ಬಂದದ್ದನ್ನು ದೇವಕಿ ಒಂದು ದಿನವೂ ಕಂಡಿರಲಿಲ್ಲ.

*

ದೇವಕಿ ಮೆಡಿಕಲ್ ಕಾಲೇಜಿನಲ್ಲಿ ಹೆರಿಗೆ ವಿಭಾಗದ ಅಧ್ಯಾಪಕಿ. ಪ್ರತಿ ವರ್ಷ ಕಷ್ಟದ ಹೆರಿಗೆಗಳ ಪಾಠ ಶುರುವಾಗುವ ಹೊತ್ತಿಗೆ ಸೊಲಾಂಜ್ ಬೇಲಿಯಾಚೆಯಿಂದ ಕೂಗುತ್ತಿದ್ದರು: "ಡಾಕ್ಟರ್, ನಾನೂ ಬಂದು ಕೂತುಕೊಳ್ಳಲೇ?"

ಮುದುಕಿಯ ಖಯಾಲಿ ಎಂದುಕೊಂಡು ದೇವಕಿ ಒಪ್ಪುತ್ತಿದ್ದಳು. ಸೊಲಾಂಜ್ ಕೊನೆಯ ಬೆಂಚಿನಲ್ಲಿ ಮಗುವಿನಂತೆ ಕೈಕಟ್ಟಿ ಕೂರುತ್ತಿದ್ದರು. ಮಗುವಿಗಿಂತ ಮೊದಲು ಹೊಕ್ಕುಳಬಳ್ಳಿ ಜಾರಿ ಬರುವ ವಿಷಯ ಬಂದಾಗ ಕೈ ಎತ್ತುತ್ತಿದ್ದರು.

"ಆಗ ಏನು ಮಾಡಬೇಕು?"

"ಕೈ ಒಳಗಿಟ್ಟು ಮಗುವಿನ ತಲೆಯನ್ನು ಮೇಲಕ್ಕೆ ಒತ್ತಿ ಹಿಡಿಯಬೇಕು. ಬಳ್ಳಿ ಅಪ್ಪಚ್ಚಿಯಾಗಬಾರದು. ಆಪರೇಷನ್ ಥಿಯೇಟರ್ ತಲುಪುವವರೆಗೂ ಕೈ ತೆಗೆಯಬಾರದು."

"ಥಿಯೇಟರೇ ಇಲ್ಲದಿದ್ದರೆ?"

ಹುಡುಗರು ನಗುತ್ತಿದ್ದರು. ಒಮ್ಮೆ ದೇವಕಿಗೂ ನಗು ಬಂದು, "ಮೇಡಂ, ಇದು ಕರುವಲ್ಲ," ಎಂದುಬಿಟ್ಟಿದ್ದಳು. ಸೊಲಾಂಜ್ ನಗಲಿಲ್ಲ. "ಅಲ್ಲ, ನನಗೆ ಗೊತ್ತು," ಎಂದು ಎದ್ದು ಹೋದರು. ಮರುವರ್ಷ ಮತ್ತೆ ಬಂದರು. ಮತ್ತೆ ಅದೇ ಪ್ರಶ್ನೆ.

*

ಮಣ್ಣು ಹಾಕಿ ಮುಗಿಯಿತು. ಮಳೆಮರದ ಕೆಳಗೆ ರಾಧಾಕೃಷ್ಣ ಎಲ್ಲರಿಗೂ ಸೋಯಾ ಹಾಲಿನ ಪೊಟ್ಟಣ ಹಂಚುತ್ತಿದ್ದ. ದೇವಕಿ ಎರಡನ್ನು ತೆಗೆದುಕೊಂಡು ಆ ಹೆಂಗಸಿನ ಬಳಿಗೆ ಹೋದಳು. ಅವಳು ಮಿಸೆಸ್ ಲಾವ್ ಎಂದು ಹೆಸರು ಹೇಳಿದಳು.

"ನಿಮಗೆ ಸೊಲಾಂಜ್ ಹೇಗೆ ಪರಿಚಯ?"

"ಇಪ್ಪತ್ತೈದು ವರ್ಷದ ಹಿಂದೆ, ಹಂದಿಜ್ವರ ಜನರಿಗೂ ಹಬ್ಬಿದ ವರ್ಷ ನಮ್ಮ ಹಳ್ಳಿಗೆ ಬಂದಳು. ಯಾವ ಹಂದಿಗೆ ರೋಗ, ಯಾವುದಕ್ಕಿಲ್ಲ ಅಂತ ಯಾರಿಗೂ ಗೊತ್ತಿಲ್ಲ. ರಕ್ತ ಪರೀಕ್ಷೆಗೆ ದೂರಕ್ಕೆ ಹೋಗಬೇಕು, ಉತ್ತರ ಬರಬೇಕು. ಅಲ್ಲಿವರೆಗೆ ದಾರಿಗೆ ಅಡ್ಡ ಬೇಲಿ. ಒಳಗಿನವರು ಹೊರಗಿಲ್ಲ, ಹೊರಗಿನವರು ಒಳಗಿಲ್ಲ." ಅವಳು ಪೊಟ್ಟಣವನ್ನು ಒಡೆಯದೆ ಹಿಡಿದುಕೊಂಡಿದ್ದಳು. "ನನಗೆ ಹೆರಿಗೆ ನೋವು ಬಂತು. ಡಾಕ್ಟರ್ ಇಲ್ಲ. ಹಂದಿ ಡಾಕ್ಟರ್ ಇದ್ದಳು."

ದೇವಕಿಗೆ ಮುಂದಿನದು ಅರ್ಧ ಹೊಳೆಯಿತು.

"ಬಳ್ಳಿ ಮೊದಲು ಬಂತು. ಇವಳು ಕೈ ಒಳಗಿಟ್ಟಳು. ಆಸ್ಪತ್ರೆಗೆ ಹೊರಟ ಲಾರಿಯ ಹಿಂಭಾಗದಲ್ಲಿ ನಾನು ಮಂಡಿಯೂರಿ, ತಲೆ ಕೆಳಗೆ. ಇವಳ ಕೈ ಒಳಗೇ. ಬೇಲಿ ಹತ್ತಿರ ನಿಲ್ಲಿಸಿದರು. ಮೇಲಿನವರಿಗೆ ಫೋನ್ ಮಾಡಬೇಕಂತೆ. ಬಿಸಿಲು. ಇವಳು ಫ್ರೆಂಚಿನಲ್ಲಿ ಬೈದಳು, ಮಲಯ್‌ನಲ್ಲಿ ಬೇಡಿಕೊಂಡಳು. ಕೈ ತೆಗೆಯಲಿಲ್ಲ." ಅವಳು ಉಸಿರೆಳೆದುಕೊಂಡಳು. "ಬೇಲಿ ತೆಗೆಯುವಾಗ ಮಗುವಿಗೆ ಜೀವ ಇರಲಿಲ್ಲ. ಗಂಡು. ನಾನು ಉಳಿದೆ."

ದೂರದಲ್ಲಿ ಗುದ್ದಲಿ ಸದ್ದು ಮಾಡಿತು.

"ಆಮೇಲೆ ಇವಳು ಆ ಪರೀಕ್ಷೆಯ ಹಿಂದೆ ಬಿದ್ದಳು. ಬೇಲಿ ಇನ್ನೆಲ್ಲೂ ಅಷ್ಟು ದಿನ ನಿಲ್ಲಬಾರದು ಅಂತ. ವರ್ಷಕ್ಕೊಮ್ಮೆ ಮಗುವಿನ ಸಮಾಧಿಗೆ ಬರೋಳು, ಹುಲ್ಲು ಕೀಳೋಳು. ನಿನ್ನ ತಪ್ಪಿಲ್ಲ ಲಾ ಅಂತ ನಾನು ಎಷ್ಟು ಹೇಳಿದರೂ, ನಿನಗೇನು ಗೊತ್ತು ಅನ್ನೋಳು." ಮಿಸೆಸ್ ಲಾವ್ ದೇವಕಿಯ ಮಣಿಕಟ್ಟು ಹಿಡಿದಳು. "ನೀನು ಹೆರಿಗೆ ಡಾಕ್ಟರ್ ಅಂತ ಪಾದ್ರಿ ಹೇಳಿದರು. ಸುಳ್ಳು ಹೇಳಬೇಡ. ನೀನಾಗಿದ್ದರೆ ಬೇರೇನು ಮಾಡುತ್ತಿದ್ದೆ?"

ದೇವಕಿ ಕೈ ಬಿಡಿಸಿಕೊಳ್ಳಲಿಲ್ಲ. ತರಗತಿಯಲ್ಲಿ ಎಷ್ಟು ಸಲೀಸಾಗಿ ಹೇಳಿದ್ದ ಮಾತು!

"ಆಸ್ಪತ್ರೆಯಲ್ಲಿ ಆಗಿದ್ದರೆ ಮಗುವನ್ನು ಉಳಿಸುತ್ತಿದ್ದೆನೋ ಏನೋ," ಎಂದಳು. "ಆ ಲಾರಿಯಲ್ಲಿ ನಾನಿದ್ದರೆ, ಅವರು ಮಾಡಿದ್ದನ್ನೇ ಮಾಡುತ್ತಿದ್ದೆ. ನಾನು ಪಾಠ ಮಾಡುವುದೂ ಅದನ್ನೇ. ಅವರು ಪ್ರತಿ ವರ್ಷ ಬಂದು ಕೇಳಿಸಿಕೊಂಡಿದ್ದಾರೆ."

"ಕೇಳಿಸಿಕೊಂಡಳಾ?"

"ಹೂಂ. ಕೊನೆಯ ಬೆಂಚಿನಲ್ಲಿ ಕೂತು."

ಮಿಸೆಸ್ ಲಾವ್ ಪೊಟ್ಟಣವನ್ನು ಬ್ಯಾಗಿಗೆ ಹಾಕಿಕೊಂಡು, "ಬಾ," ಎಂದಳು.

ಗೇಟಿನ ಹೊರಗೆ, ಬಿಳಿ ಕಾರಿನ ಪಕ್ಕದಲ್ಲಿ ತುಂಬು ಗರ್ಭಿಣಿಯೊಬ್ಬಳು ನಿಂತಿದ್ದಳು. ಸಾವಿನ ನೆರಳು ತಾಕದಿರಲೆಂದು ಹೊಟ್ಟೆಗೆ ಕೆಂಪು ಬಟ್ಟೆ ಸುತ್ತಿಕೊಂಡಿದ್ದಳು.

"ನನ್ನ ಮಗಳು, ಮೇ ಲಿಂಗ್. ಆಮೇಲೆ ಹುಟ್ಟಿದವಳು. ಬಸುರಿ ಸ್ಮಶಾನಕ್ಕೆ ಬರಬಾರದು ಅಂದೆ, ಕೇಳಲಿಲ್ಲ. ಗೇಟಿನವರೆಗಾದರೂ ಬರ್ತೀನಿ ಅಂದಳು. ಒಂದು ಸಲ ಮುಟ್ಟಿ ನೋಡು."

ಮೇ ಲಿಂಗ್ ಸಂಕೋಚದಿಂದ ನಕ್ಕು, ತಾಯಿಯ ಮುಖ ನೋಡಿ, ಸೊಂಟದ ಮೇಲಿನ ಕೈ ತೆಗೆದಳು. ದೇವಕಿ ಅಂಗೈಗೆ ಅಂಟಿದ್ದ ಸಮಾಧಿಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡು, ಬಿಸಿಲಿಗೆ ಕಾದಿದ್ದ ಕೆಂಪು ಬಟ್ಟೆಯ ಮೇಲೆ ಎರಡೂ ಕೈಯಿಟ್ಟಳು. ಕೆಳಗೆ, ಮೆಲ್ಲನೆ ಒತ್ತಿ ನೋಡಿದಳು. ಅಲ್ಲಿ, ಬೆರಳುಗಳ ನಡುವೆ, ಗುಂಡಗೆ ಗಟ್ಟಿಯಾಗಿ, ಇರಬೇಕಾದಲ್ಲೇ, ಮಗುವಿನ ತಲೆ ಸಿಕ್ಕಿತು.