ಮೂರನೇ ಮಹಡಿಯ ಕೆಂಪು ಡಬ್ಬಿ

ಮನೆಗೆ ಬೆಂಕಿ ಬಿದ್ದಾಗ ಚಪ್ಪಲಿ ಎಣಿಸಿದರಂತೆ. ಬಾವಿ ತೋಡಿದರು ಅಂತಲ್ಲವೇ ಎಂದು ತಿದ್ದುವವರು ತಿದ್ದಲಿ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಲ್ಲ.

ರಾಯಚೂರಿನ ಅಕ್ಕಿ ವರ್ತಕರ ಕಚೇರಿಯೊಂದರಲ್ಲಿ ನಡೆದದ್ದು. ಮ್ಯಾನೇಜರ್ ಶಂಭುಲಿಂಗಪ್ಪನವರಿಗೆ ಕಚೇರಿಯೆಂದರೆ ಗುಡಿಗೆ ಸಮ. ಎಲ್ಲರೂ ಕೆಳಬಾಗಿಲಲ್ಲೇ ಚಪ್ಪಲಿ ಬಿಟ್ಟು ಹತ್ತಬೇಕು. ಸಂಜೆ ಚಪ್ಪಲಿ ಸ್ಟ್ಯಾಂಡು ಖಾಲಿಯಾಯಿತೆಂದರೆ ಒಳಗೆ ಯಾರೂ ಇಲ್ಲವೆಂದು ಅವರು ಕೀಲಿ ಹಾಕುತ್ತಿದ್ದರು. ದೇವದುರ್ಗದ ಸುಜಾತಾ ಮಾತ್ರ ಗಾಲಿಕುರ್ಚಿಯಲ್ಲೇ ಲಿಫ್ಟ್ ಏರಿ ಮೂರನೇ ಮಹಡಿಗೆ ಬರುವವಳು. ಸ್ಟ್ಯಾಂಡಿನಲ್ಲಿ ಅವಳದೆಂಬ ಚಪ್ಪಲಿ ಇರಲಿಲ್ಲ. ದಿನವೂ ಎಲ್ಲರಿಗಿಂತ ಮೊದಲೇ ಇಳಿಯುತ್ತಿದ್ದುದರಿಂದ ಅದು ಯಾರಿಗೂ ಹೊಳೆದಿರಲೂ ಇಲ್ಲ.

ಅವಳಿಗಾಗಿಯೇ ಮೆಟ್ಟಿಲ ಬಳಿ ಕೆಂಪು ಡಬ್ಬಿಯೊಂದನ್ನು ಹಾಕಿಸಿದ್ದರು. ಗುಂಡಿ ಒತ್ತಿದರೆ ಕೆಳಗೆ ಗೇಟಿನ ಕೋಣೆಯವರ ಜೊತೆ ಮಾತಾಡಬಹುದು. ಕರೆಂಟು ಹೋದರೂ ಬ್ಯಾಟರಿಯಿದೆ. ಪ್ರತಿ ಸೋಮವಾರ ಅವಳು ಒತ್ತಿ ನೋಡುವಳು. ಗೇಟು ಕಾಯುವ ಮಾನ್ವಿಯ ಮೌನೇಶ, ಹೆಸರಷ್ಟೇ ಮೌನ, ಥೇಟ್ ಶಂಭುಲಿಂಗಪ್ಪನವರಂತೆ ಕೆಮ್ಮಿ, ಶರಣು ಹೇಳಿ, ಕೆಲಸ ಬಿಟ್ಟು ಡಬ್ಬಿ ಒತ್ತುತ್ತೀಯೇನೆಂದು ಗದರುವನು. ಅದೇ ನೆಪದಲ್ಲಿ ಅವಳೂ ಮ್ಯಾನೇಜರರನ್ನು ಮನಸಾರೆ ಬಯ್ದುಕೊಳ್ಳುವಳು.

ಒಂದು ಮಧ್ಯಾಹ್ನ ಎರಡನೇ ಮಹಡಿಯ ಸ್ವಿಚ್‌ಬೋರ್ಡು ಹೊತ್ತಿಕೊಂಡಿತು. ಅವಳ ಮಹಡಿಯವರೆಲ್ಲ ಊಟಕ್ಕೆ ಇಳಿದಿದ್ದರು. ಯಾರೋ ಮೇನ್ ಸ್ವಿಚ್ ಆರಿಸಿದರು, ಲಿಫ್ಟ್ ನಿಂತಿತು. ಹೊಗೆ ಮೆಟ್ಟಿಲೇರಿ ಬರತೊಡಗಿತು. ಸುಜಾತಾ ಗುಂಡಿ ಒತ್ತಿ ಹಿಡಿದಳು. ಬಹಳ ಹೊತ್ತಿನ ಮೇಲೆ ಆ ಪರಿಚಿತ ಕೆಮ್ಮು ಕೇಳಿತು.

“ಯಾರದು? ಸ್ಟ್ಯಾಂಡು ಖಾಲಿ ಅದ. ಎಲ್ಲಾರೂ ಹೊರಗ ಬಂದಾರ.”

ಅವಳು ಡಬ್ಬಿಯತ್ತ ಬಾಗಿದಳು.

“ಮೌನೇಶಾ, ಇವತ್ತು ಬ್ಯಾಡೋ. ಖರೇನ ಹೊಗಿ ಅದ. ಆ ಮುದುಕಪ್ಪ ಚಪ್ಪಲಿ ಎಣಿಸಿ ಹೋಗಿಬಿಟ್ಟಿರ್ತಾನ. ಚಪ್ಪಲಿ ಇಲ್ಲದಾಕಿ ಒಬ್ಬಾಕಿ ಮ್ಯಾಲ ಅದಾಳಂತ ಅವಗೆಲ್ಲಿ ನೆನಪಿರತದ? ನೀನಾರ ಬಾ.”

ಮತ್ತೆ ಒತ್ತಿದಳು, ಯಾರೂ ಎತ್ತಲಿಲ್ಲ. ಬಾಟಲಿಯ ನೀರಲ್ಲಿ ವೇಲು ತೋಯಿಸಿ ಮೂಗಿಗೆ ಹಿಡಿದು, ಕಾಣದ ಮೆಟ್ಟಿಲುಗಳತ್ತ ನೋಡುತ್ತ ಕುಳಿತಳು.

ಹೊಗೆಯೊಳಗಿಂದ ಮೊದಲು ಮೌನೇಶ ಬಂದ. ಅವನ ಹಿಂದೆ ಏದುಸಿರು ಬಿಡುತ್ತ, ಬರಿಗಾಲಲ್ಲಿ, ಶಂಭುಲಿಂಗಪ್ಪ. ಡಬ್ಬಿಯಲ್ಲಿ ಕೇಳಿದ್ದು ಯಾರ ದನಿಯೆಂದು ಅವಳಿಗೆ ಆಗ ತಿಳಿಯಿತು.

“ತಪ್ಪಾತವ್ವಾ,” ಎಂದರು ಅವರು. ಇಬ್ಬರೂ ಕುರ್ಚಿಯನ್ನು ಹಿಂದೆ ಮುಂದೆ ಹಿಡಿದು ಇಳಿಸಿದರು. ಮೊದಲ ಮಹಡಿಗೆ ಬರುವಷ್ಟರಲ್ಲಿ ಮುದುಕರ ತೋಳು ನಡುಗುತ್ತಿತ್ತು, ಹಿಡಿತ ಸಡಿಲಲಿಲ್ಲ.

ರಿಪೇರಿ ಮುಗಿದು ಕಚೇರಿ ತೆರೆದದ್ದು ಒಂದು ಸೋಮವಾರ. ಸ್ಟ್ಯಾಂಡಿನ ಮೊದಲ ಸಾಲಿನಲ್ಲಿ ಹೊಸ ಜೋಡಿ ಹೆಂಗಸರ ಚಪ್ಪಲಿ, ಮೇಲೆ ಸುಜಾತಳ ಹೆಸರಿನ ಚೀಟಿ. ಬೆಳಿಗ್ಗೆ ಇಡುವುದು ಮೌನೇಶನ ಕೆಲಸ. ಅವಳು ಇಳಿದ ಮೇಲೆ ತೆಗೆಯುವುದೂ. ಅಂದು ಡಬ್ಬಿ ಪರೀಕ್ಷೆ ನೋಡಲು ಶಂಭುಲಿಂಗಪ್ಪನವರೇ ಮೇಲೆ ಬಂದು ಅವಳ ಪಕ್ಕ ನಿಂತರು. ಅವಳು ಅನುಮಾನಿಸಿದಳು. ಒತ್ತವ್ವಾ ಎಂದು ಅವರು ಸನ್ನೆ ಮಾಡಿದರು.

ಏನೂ ಅರಿಯದ ಮೌನೇಶ ಕೆಳಗೆ ಗಂಟಲು ಸರಿಮಾಡಿಕೊಂಡು ಅವರದೇ ಕೆಮ್ಮು ಕೆಮ್ಮಿದ.

“ಶರಣವ್ವಾ. ಚಪ್ಪಲಿ ಎಣಿಸೀನಿ, ನಿನ್ನವೂ ಅದಾವ. ನೀ ಇಳಿಯೋತನಕ ಈ ಮುದುಕಪ್ಪ ಬಾಗಿಲಾ ಹಾಕಂಗಿಲ್ಲ.”

ಸುಜಾತಾ ಉಸಿರು ಹಿಡಿದು ಮ್ಯಾನೇಜರರ ಮುಖ ನೋಡಿದಳು. ಅವರ ಕಣ್ಣು ತುಂಬಿ ಬಂದವು. ಬಗ್ಗಿ ಡಬ್ಬಿಗೆ ಬಾಯಿಟ್ಟು, “ಕೆಮ್ಮು ಇನ್ನೊಂಚೂರು ಜೋರಿರಲೋ ಮಗನ,” ಎಂದರು. ಕೆಳಗೆ ಏನೋ ದಡಕ್ಕನೆ ಬಿದ್ದ ಸದ್ದು. ಸುಜಾತಾ ನಕ್ಕಳು. ಅವಳ ನಗೆಯೂ ಕೇಳದಷ್ಟು ಜೋರಾಗಿ, ಗೋಡೆ ಹಿಡಿದುಕೊಂಡು, ಶಂಭುಲಿಂಗಪ್ಪ ನಕ್ಕರು.