ಅಕ್ಕೋರ ಮನೆಯ ಲೈನು

“ಬೇರೆ ಎಲ್ಲಾ ಬರ್ತದೆ ದುರ್ಗೇಶಣ್ಣ, ಅದೊಂದು ಮಾತ್ರ ಬರೂದಿಲ್ಲ.”

ಆರು ವರ್ಷದಿಂದ ಬ್ಯಾಕೋಡಿನ ಸುತ್ತಮುತ್ತ ಮನೆಮನೆಗೆ ಇಂಟರ್‌ನೆಟ್ ತಂತಿ ಎಳೆಯುತ್ತಿದ್ದೇನೆ. ಈ ಮಾತು ಕೇಳಿದಾಗಲೆಲ್ಲ ಕೈಯಲ್ಲಿರುವ ಕಟಿಂಗ್ ಪ್ಲೇಯರ್ ಬಿಸಾಕಿ ಮನೆಗೆ ಹೋಗಿ ಮಲಗೋಣ ಅನ್ನಿಸುತ್ತದೆ. ಪೂರ್ತಿ ಸತ್ತ ಲೈನು ಸುಲಭ. ಎಲ್ಲೋ ಮರ ಬಿದ್ದಿರುತ್ತದೆ, ಇಲ್ಲ ಮಂಗ ಜಗ್ಗಿರುತ್ತದೆ. ಹುಡುಕಿ ಕಟ್ಟಿದರೆ ಮುಗಿಯಿತು. ಎಲ್ಲ ಬಂದು ಒಂದೇ ಒಂದು ಬಾರದಿದ್ದರೆ ಎಲ್ಲಿ ಅಂತ ಹುಡುಕುವುದು?

ಹೇಳಿದವರು ಶ್ಯಾಮಲಾ ಅಕ್ಕೋರು, ನಮ್ಮೂರ ಶಾಲೆಯ ಟೀಚರು. ಆ ದಿನ ಸಂಜೆ ಐದಕ್ಕೆ ವರ್ಗಾವಣೆಯ ವೆಬ್‌ಸೈಟ್ ಮುಚ್ಚುವುದಿತ್ತು. ಅಷ್ಟರೊಳಗೆ ಅದರೊಳಗೆ ಹೋಗಿ ತೀರ್ಥಹಳ್ಳಿಯ ಒಂದು ಶಾಲೆಯನ್ನು ಆರಿಸಿ ಒತ್ತಿದರೆ ಅವರು ಗಂಡನ ಹತ್ತಿರ ಹೋಗುತ್ತಾರೆ. ಇಲ್ಲದಿದ್ದರೆ ಇನ್ನೂ ಮೂರು ವರ್ಷ ಇಲ್ಲೇ. ಗಂಡ ಪೂರ್ಣೇಶರಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ತೀರ್ಥಹಳ್ಳಿಯಲ್ಲಿ ಒಬ್ಬರೇ ಇದ್ದುಕೊಂಡು, ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಆಟೋ ಹತ್ತಿ ಹೋಗಿಬರುತ್ತಾರೆ.

ನಾನು ಹೋದಾಗ ಎರಡೂ ಮುಕ್ಕಾಲು. ಮೊಬೈಲ್ ಟವರು ಹಿಂದಿನ ದಿನವೇ ಕೆಟ್ಟು ನಿಂತಿತ್ತು. ಊರಿಗೆ ಉಳಿದಿದ್ದು ನಮ್ಮ ವೈಫೈ ಒಂದೇ, ಫೋನ್ ಮಾಡುವುದಿದ್ದರೂ ಅದರ ಮೇಲೇ. ಮೋಡೆಮ್ ಆರಿಸಿ ಹಚ್ಚಿದೆ. ಕೇಬಲ್ ಬದಲಿಸಿದೆ. ಸೆಟ್ಟಿಂಗಿಗೆ ಹೋಗಿ ನನಗೆ ಗೊತ್ತಿದ್ದ ನಂಬರುಗಳನ್ನೆಲ್ಲ ತಿರುಗಿಸಿ ನೋಡಿದೆ. ಬ್ಯಾಂಕು ಬಂತು, ಪೇಪರು ಬಂತು, ಯಾವನೋ ಮೀನು ಹುರಿಯುವ ವಿಡಿಯೋ ಕೂಡ ತಡೆಯದೆ ಓಡಿತು. ವರ್ಗಾವಣೆಯದ್ದು ಮಾತ್ರ ಚಕ್ರ ಸುತ್ತಿ ಸುತ್ತಿ ಬಿಳಿ ಹಾಳೆ ತೋರಿಸಿತು. ಅಕ್ಕೋರ ಫೋನಿನಲ್ಲೂ ಅದೇ, ನನ್ನದರಲ್ಲೂ ಅದೇ.

“ಲ್ಯಾಪ್‌ಟಾಪ್ ಹಳೇದಾಯ್ತೇನೋ.”

“ಅದರದ್ದೇನೂ ತಪ್ಪಿಲ್ಲ, ಸುಮ್ನಿರಿ,” ಎಂದೆ. ಸ್ವಲ್ಪ ಒರಟಾಗಿಯೇ ಹೇಳಿದೆ. ಗೊತ್ತಾಗದಿದ್ದಾಗ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಹಣೆಬರಹ.

ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಮಗಳು ಸ್ವಾತಿ ಮೂರನೇ ಕ್ಲಾಸು, ಮಾತಿಗೆ ತೊದಲು. ಅಜ್ಜಿಯ ಹತ್ತಿರ ನೀರು ಕೇಳುವುದಕ್ಕೂ ಕೈಸನ್ನೆ ಮಾಡುವ ಮಗು, ಅಕ್ಕೋರ ಮುಂದೆ ನಿಂತು ಪಾಠ ಓದುತ್ತದೆ. ಅಕ್ಕೋರು ವರ್ಗಾವಣೆಗೆ ಅರ್ಜಿ ಹಾಕಿದ್ದಾರೆ ಎಂದು ತಿಳಿದ ದಿನ ನನ್ನ ಹೆಂಡತಿ ಜ್ಯೋತಿ ಊಟ ಬಿಟ್ಟು ಅತ್ತಿದ್ದಳು. ಆ ಬಿಳಿ ಹಾಳೆ ನೋಡುತ್ತಾ, ಇದು ತೆರೆಯದೇ ಹೋದರೆ ನನಗೇನು ನಷ್ಟ ಎಂಬ ಯೋಚನೆ ನನಗೂ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಚಿಕೆಯಾಗಿ ಮೋಡೆಮ್ ಅನ್ನು ಇನ್ನೊಮ್ಮೆ ಆರಿಸಿ ಹಚ್ಚಿದೆ.

ಕೊನೆಗೆ ಆ ವೆಬ್‌ಸೈಟಿನವರದ್ದೇ ಸಹಾಯವಾಣಿಗೆ ಫೋನು ಹಚ್ಚಿದೆವು. ಸಂಗೀತ ಕೇಳಿ ಕೇಳಿ ಕಿವಿ ಬಿಸಿಯಾಗುವ ಹೊತ್ತಿಗೆ ಒಬ್ಬಳು ಹೆಂಗಸು ಸಿಕ್ಕಳು. ಆಗ ನಾಲ್ಕಕ್ಕೆ ಐದು ನಿಮಿಷ ಬಾಕಿ. ನಮ್ಮ ಲೈನಿನ ವಿವರ ಕೇಳಿಕೊಂಡು ಅವಳು ಹೇಳಿದ್ದಿಷ್ಟು: ನಿಮ್ಮ ಕಡೆಯಿಂದ ಬೆಳಿಗ್ಗೆಯಿಂದ ಒಂದೇ ಹೆಸರಲ್ಲಿ ನೂರಾರು ಸಲ ಒಳಗೆ ಬರುವುದಕ್ಕೆ ನೋಡಿದ್ದಾರೆ. ಕಳ್ಳರೆಂದು ತಿಳಿದು ಯಂತ್ರವೇ ಬಾಗಿಲು ಹಾಕಿದೆ. ಇಪ್ಪತ್ತು ನಿಮಿಷ ಯಾರೂ ಮುಟ್ಟದಿದ್ದರೆ ತಾನಾಗಿ ತೆರೆಯುತ್ತದೆ. ಯಾರಾದರೂ ಮುಟ್ಟಿದರೆ ಇಪ್ಪತ್ತು ನಿಮಿಷ ಮತ್ತೆ ಮೊದಲಿನಿಂದ.

“ನೂರಾರು ಸಲವಾ? ನಾನು ನಾಲ್ಕೈದು ಸಲ ನೋಡಿರಬಹುದಷ್ಟೆ,” ಎಂದರು ಅಕ್ಕೋರು.

ಅಷ್ಟರಲ್ಲಿ ಪಕ್ಕದ ಮನೆಯ ವರದಮ್ಮ ಚಾ ಹಿಡಿದುಕೊಂಡು ಒಳಗೆ ಬಂದರು. “ಎಂತಾಯ್ತೋ? ನಮ್ಮನೇಲೂ ಬರ್ಲಿಲ್ಲ, ಕನ್ನಪ್ಪನ ಮನೇಲೂ ಬರ್ಲಿಲ್ಲಂತೆ.”

“ನೀವ್ಯಾಕೆ ನೋಡಿದ್ರಿ?” ಎಂದೆ.

“ಯಾಕಂದ್ರೆ? ಬೆಳಿಗ್ಗೆ ಅದು ಭಾರೀ ನಿಧಾನ ಆಯ್ತು ಅಂತ ಅಕ್ಕೋರು ಒಳಗೆ ಹೋಗೋ ನಂಬರು ಬರೆದು ಒಂದು ಚೀಟಿ ಕೊಟ್ರು, ನಿಮ್ಮನೇಲಿ ಬರ್ತದಾ ನೋಡಿ ಅಂತ. ನಾನು ಎಲ್ಲಾರಿಗೂ ಕೊಟ್ಟೆ. ಒಬ್ಬರ ಕೈಯಲ್ಲಿ ಆಗದಿದ್ರೆ ಇನ್ನೊಬ್ಬರ ಕೈಯಲ್ಲಿ ಆಗ್ತದಲ್ಲ. ಅಕ್ಕೋರ ಕೆಲಸ ಅಂದ್ರೆ ಮುಯ್ಯಾಳು ಬ್ಯಾಡ್ವನಾ?”

ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ನಮ್ಮಲ್ಲಿ ಒಂದು ಮನೆಯ ನಾಟಿಯೆಂದರೆ ಮನೆಗೊಬ್ಬರಂತೆ ಗದ್ದೆಗೆ ಇಳಿಯುತ್ತಾರೆ. ನಾಳೆ ಇವರ ಗದ್ದೆಗೆ ಅವರು. ಅದೇ ಮುಯ್ಯಾಳು. ಹಾಗೇ ಇವತ್ತು ಮನೆಗೊಬ್ಬರಂತೆ ಫೋನಿಗೆ ಇಳಿದಿದ್ದಾರೆ. ಊರಿನ ಅಷ್ಟೂ ಮನೆಯ ತಂತಿ ನಮ್ಮ ಒಂದೇ ಪೆಟ್ಟಿಗೆಯಿಂದ ಹೊರಗೆ ಹೋಗುತ್ತದೆ. ಆಚೆಯವರಿಗೆ ನಾವೆಲ್ಲ ಒಂದೇ ಮನೆ.

“ವರದಮ್ಮ, ಗದ್ದೆಗೆ ಎಷ್ಟು ಜನ ಬಂದ್ರೂ ಒಳ್ಳೇದು. ಇದಕ್ಕೆ ಒಬ್ರೇ ಸಾಕಿತ್ತು ಮಾರಾಯ್ರೆ.”

“ದೇವರು ವರ ಕೊಟ್ರೂ ಪೂಜಾರಿ ಕೊಡ್ಬೇಕಲ್ಲ,” ಎಂದು ಗೊಣಗುತ್ತಾ ಅವರು ಕೂತರು. ಪಾಪ, ಮುಖ ಸಣ್ಣದಾಗಿತ್ತು.

ಎಲ್ಲರ ಲೈನನ್ನೂ ಒಮ್ಮೆಗೇ ನಿಲ್ಲಿಸಿಬಿಡೋಣವೆಂದರೆ ಪೆಟ್ಟಿಗೆಯ ಬೀಗದ ಕೈ ಸಾಗರದಲ್ಲಿರುವ ಮಾಲೀಕರ ಹತ್ತಿರ. ಅವರು ಫೋನೆತ್ತಲಿಲ್ಲ. ಅಕ್ಕೋರನ್ನು ಬೈಕಿನಲ್ಲಿ ಸಾಗರಕ್ಕೆ ಕರೆದೊಯ್ಯುವಷ್ಟು ಹೊತ್ತೂ ಉಳಿದಿರಲಿಲ್ಲ. ಮನೆಮನೆಗೆ ಹೊರಟೆ. ಕನ್ನಪ್ಪ ಫೋನು ಕೆಳಗಿಡುವುದಕ್ಕೇ ಒಪ್ಪಲಿಲ್ಲ, “ಈಗ ಬಂತು ತಡಿ, ಈಗ ಬಂತು,” ಎನ್ನುತ್ತಿದ್ದ. ಕೈಯಿಂದ ಕಿತ್ತು ಆರಿಸಿದೆ. ಸುಬ್ಬಪ್ಪನ ಮನೆಯಲ್ಲಿ ಅವನ ಕೈಲೊಂದು ಫೋನು, ಸೊಸೆಯ ಕೈಲೊಂದು ಫೋನು. ಹೂವಯ್ಯನಿಗೆ ಕನ್ನಡಕವಿಲ್ಲದೆ ಅಕ್ಷರ ಕಾಣುವುದಿಲ್ಲ, ಅಂದಾಜಿಗೆ ಒತ್ತುತ್ತಿದ್ದ. ಬೈಯೋಣವೆಂದರೆ ಯಾರ ಮುಖ ನೋಡಿ ಬೈಯುವುದು? ಎಲ್ಲರೂ ಕೇಳಿದ್ದು ಒಂದೇ, “ಅಕ್ಕೋರಿಗೆ ಸಿಕ್ತಾ?”

ಸುತ್ತಿ ಮುಗಿಸಿ ವಾಪಸು ಬಂದಾಗ ನಾಲ್ಕೂ ಹದಿನೆಂಟು. ಕೈಕಟ್ಟಿ ಕೂತೆವು. ನಾಲ್ಕೂ ಮೂವತ್ತೊಂಬತ್ತಕ್ಕೆ ಅಕ್ಕೋರು ಒತ್ತಿದರು. ಬಿಳಿ ಹಾಳೆ.

“ಇನ್ಯಾರೋ ಒತ್ತುತ್ತಾ ಇದ್ದಾರೆ,” ಎಂದೆ. “ವರದಮ್ಮ, ಯಾರಿಗೆಲ್ಲ ಚೀಟಿ ಕೊಟ್ರಿ? ಒಬ್ಬೊಬ್ಬರದ್ದೇ ಹೆಸರು ಹೇಳಿ.”

ಅವರು ಬೆರಳು ಮಡಚುತ್ತಾ ಹೋದರು. ಒಂದೊಂದೂ ನಾನು ಹೋಗಿಬಂದ ಮನೆ. ಕೊನೆಯ ಬೆರಳು ಮಡಚಿ, “ಮತ್ತೆ ನಿಮ್ಮನೆ,” ಎಂದರು.

“ನಮ್ಮನೆಯಾ?”

“ಹೂಂ ಮತ್ತೆ. ಜ್ಯೋತಿ ತಾನೇ ಬಂದು ಬರ್ಕೊಂಡು ಹೋದ್ಲಲ್ಲ, ಎಲ್ಲಾರಿಗಿಂತ ಮೊದಲು.”

ಕನ್ನಪ್ಪನ ಮನೆಗೆ ಹೋಗುವಾಗ ನಮ್ಮ ಮನೆಯ ಮುಂದೆಯೇ ಹೋಗಿದ್ದೆ. ಜ್ಯೋತಿ ಇದಕ್ಕೆಲ್ಲ ಕೈಹಾಕಲಾರಳು ಎಂದುಕೊಂಡು ಒಳಗೆ ಇಣುಕಿಯೂ ಇರಲಿಲ್ಲ. ಈಗ ಫೋನು ಹಚ್ಚಿದರೆ ಅವಳೇ ಮೊದಲು ಮಾತಾಡಿದಳು. “ಬೆಳಿಗ್ಗೆಯಿಂದ ಒತ್ತುತ್ತಾ ಇದ್ದೀನ್ರೀ, ಬರ್ತಾನೇ ಇಲ್ಲ. ನಿಮ್ಗೆ ಬಂತಾ?”

“ನಿಲ್ಸು,” ಎಂದೆ. “ಅವ್ರು ಹೋದ್ರೆ ಸ್ವಾತಿ ಗತಿ ಏನು ಅಂತ ಯೋಚನೆ ಬರ್ಲಿಲ್ವಾ ನಿಂಗೆ?”

“ಬಂತು,” ಎಂದಳು. “ಅವ್ರ ಗಂಡ ಅಲ್ಲಿ ಒಬ್ರೇ ಇದ್ದಾರಲ್ರೀ.”

ಆಗ ನಾಲ್ಕೂ ನಲವತ್ಮೂರು. ಅಲ್ಲಿಂದ ಇಪ್ಪತ್ತು ನಿಮಿಷವೆಂದರೆ ಐದು ದಾಟುತ್ತದೆ, ಲೆಕ್ಕ ಎಲ್ಲರಿಗೂ ಗೊತ್ತಾಯಿತು. ವರದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಐದು ಗಂಟೆ ದಾಟಿ ಮೂರು ನಿಮಿಷಕ್ಕೆ ಪುಟ ತೆರೆಯಿತು. ಸಮಯ ಮುಗಿದಿದೆ ಎಂದು ಕೆಂಪು ಅಕ್ಷರದಲ್ಲಿ ಬರೆದಿತ್ತು.

“ತಪ್ಪು ನನ್ದು ಅಕ್ಕೋರೆ,” ಎಂದೆ. “ಎಲ್ಲಾರ ಮನೆಗೂ ಹೋದೆ, ನಮ್ಮನೆಗೆ ಹೋಗ್ಲಿಲ್ಲ.” ಮರೆತೆನೋ, ಬೇಕೆಂದೇ ಬಿಟ್ಟೆನೋ, ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

ಅವರು ನನ್ನನ್ನು ಬೈಯಲಿಲ್ಲ. “ಜ್ಯೋತಿನೂ ಒತ್ತಿದ್ಲಾ?” ಎಂದು ಕೇಳಿದರು. ಹೌದು ಎಂದೆ. ಬೆಳಿಗ್ಗೆಯಿಂದ ಗಟ್ಟಿಯಾಗಿದ್ದವರು ಆಗ ಮುಖ ಮುಚ್ಚಿಕೊಂಡು ಅತ್ತರು.

ಆಮೇಲೆ ಮುಖ ತೊಳೆದು ಬಂದು ತೀರ್ಥಹಳ್ಳಿಗೆ ಫೋನ್ ಮಾಡಿದರು. ಅವತ್ತೂ ಡಯಾಲಿಸಿಸ್ ಇದ್ದ ದಿನ, ಪೂರ್ಣೇಶರ ದನಿ ನಮಗೆ ಕೇಳದಷ್ಟು ಸಣ್ಣದಿತ್ತು.

“ಇಲ್ಲಾರೀ, ಈ ಸಲ ಆಗ್ಲಿಲ್ಲ,” ಎಂದರು ಅಕ್ಕೋರು. “ಯಾರ್ದೂ ತಪ್ಪಲ್ಲ. ಇಲ್ಲಿ ಲೈನ್ ಸರಿ ಇರ್ಲಿಲ್ಲ.”

ನನ್ನ ಲೈನಿಗೆ ಯಾರಾದರೂ ಹೆಸರಿಟ್ಟರೆ ಜಗಳಕ್ಕೇ ಹೋಗುವವನು ನಾನು. ಸುಮ್ಮನೆ ನಿಂತಿದ್ದೆ.