ಸರಿಸಿಟ್ಟ ಸುಣ್ಣದ ಪರಾತ

ಹೊಂಡದ ಮೇಲೆ ಕೊನೆಯ ಸಲಿಕೆ ಮಣ್ಣು ಬಿದ್ದ ಮೇಲೂ ಹಸೀನಾಳ ಸಿಟ್ಟು ಇಳಿಯಲಿಲ್ಲ. ಶೆಡ್ಡಿನಲ್ಲಿದ್ದ ಮೂರು ಸಾವಿರ ಕೋಳಿಗಳು ನಾಲ್ಕೇ ದಿನಗಳಲ್ಲಿ ಕುತ್ತಿಗೆ ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತಾ, ಸಾಲುಸಾಲಾಗಿ ಮಗುಚಿದ್ದವು. ಕೊಣ್ಣೂರಿನಿಂದ ಬಂದ ಪಶುವೈದ್ಯರು ಅದು ಕೊಕ್ಕರೆ ರೋಗವೆಂದರು. ಗಾಡಿ ಹತ್ತುವ ಮುನ್ನ ಇನ್ನೊಂದು ಮಾತು ಸೇರಿಸಿದರು: ಆ ರೋಗ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಹೋಗುವುದು ಹೆಚ್ಚಾಗಿ ಮನುಷ್ಯರ ಕಾಲಿಗೆ ಅಂಟಿಕೊಂಡು. ಅವರು ಹೋದ ಮೇಲೂ ಆ ಮಾತು ಹಸೀನಾಳ ತಲೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು.

ಹಸೀನಾಳ ಊರು ಹಿರೇಕಟ್ಟಿ. ಅದಕ್ಕೆ ಸುತ್ತಲಿನವರು ಇಟ್ಟ ಹೆಸರು ಕೋಳಿ ಊರು. ಆ ಊರಿನ ಹೆಣ್ಣು ತಂದರೆ ಮನೆಯಲ್ಲಿ ಹುಂಜ ಸಾಕುವ ಅಗತ್ಯವಿಲ್ಲ, ಅದಕ್ಕಿಂತ ಮೊದಲು ಅವಳೇ ಎದ್ದಿರುತ್ತಾಳೆ ಎಂದು ನರಗುಂದದ ಸಂತೆಯಲ್ಲಿ ನಗೆಯಾಡುವವರಿದ್ದರು. ಊರಿನಲ್ಲಿ ಒಂಬತ್ತು ಶೆಡ್ಡುಗಳು. ಮರಿ, ಮೇವು, ಔಷಧಿ ಎಲ್ಲ ಕಂಪನಿಯದು. ಸಾಕುವ ಕೈ ಊರಿನದು. ಪ್ರತಿ ಶೆಡ್ಡಿನ ಬಾಗಿಲಲ್ಲೂ ಸುಣ್ಣದ ಪುಡಿ ತುಂಬಿದ, ಅಗಲ ತಟ್ಟೆಯಂಥ ಒಂದು ಪರಾತ, ಪಕ್ಕದಲ್ಲಿ ಒಂದು ಜೋಡಿ ರಬ್ಬರಿನ ಚಪ್ಪಲಿ. ಹೊರಗಿನ ಪಾದರಕ್ಷೆ ಹೊರಗೇ ಬಿಟ್ಟು, ಶೆಡ್ಡಿನ ಚಪ್ಪಲಿ ಮೆಟ್ಟಿ, ಸುಣ್ಣ ತುಳಿದು ಒಳಗೆ ಹೋಗಬೇಕು. ಹಸೀನಾಳ ಗಂಡ ಮುಜಫ್ಫರ ಲಾರಿ ನಡೆಸುವವನು. ವಾರಕ್ಕೊಮ್ಮೆ ಮನೆಗೆ ಬಂದಾಗ ಅವನಿಗೂ ಈ ನಿಯಮದಿಂದ ವಿನಾಯಿತಿ ಇರಲಿಲ್ಲ. ಮರೆತು ಹೊಸ್ತಿಲ ಮೇಲೆ ಕಾಲಿಟ್ಟರೆ ಹಸೀನಾಳ ಅತ್ತೆ ಖಾಜಾಬಿ ಕಸಬರಿಗೆಯ ಹಿಡಿಯಿಂದ ಅವನ ಮೊಣಕಾಲಿಗೆ ತಟ್ಟುತ್ತಿದ್ದಳು.

ಬುಧವಾರ ಮಧ್ಯಾಹ್ನ ಎಲ್ಲರ ಮೊಬೈಲಿಗೂ ಕಂಪನಿಯ ಸೂಪರ್‌ವೈಜರ್ ಕಳಕೇಶನ ಧ್ವನಿ ಸಂದೇಶ ಬಂತು. ರೋಗ ತಂದದ್ದು ಮನೆಮನೆಯ ಅಂಗಳದಲ್ಲಿ ಸಾಕಿದ ಜವಾರಿ ನಾಟಿ ಕೋಳಿ. ಶುಕ್ರವಾರದೊಳಗೆ ಹಿರೇಕಟ್ಟಿಯಲ್ಲಿ ಒಂದು ಜವಾರಿ ಕೋಳಿಯೂ ಉಳಿಯಬಾರದು. ಉಳಿದರೆ ಊರಿನ ಯಾವ ಶೆಡ್ಡಿಗೂ ಹೊಸ ಮರಿ ಇಳಿಯುವುದಿಲ್ಲ.

ಖಾಜಾಬಿಯ ಹತ್ತಿರ ಹನ್ನೊಂದು ಜವಾರಿ ಕೋಳಿಗಳಿದ್ದವು. ಇಟಗಿಯ ತವರಿನಿಂದ ಮದುವಣಗಿತ್ತಿಯಾಗಿ ಬಂದ ದಿನ ಕಂಕುಳಲ್ಲಿ ಇರುಕಿಕೊಂಡು ತಂದ ಒಂದು ಕೋಳಿಯ ಸಂತತಿ ಅದು. ಅದರಲ್ಲಿ ಕರಿ ಕೋಳಿ ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿ, ಇದ್ದಿಲಿನ ಗುರುತು ಹಾಕಿದ ಹದಿಮೂರು ಮೊಟ್ಟೆಗಳ ಮೇಲೆ ಕಾವಿಗೆ ಕುಳಿತಿತ್ತು. ಅಂದಿಗೆ ಹದಿನೆಂಟನೆಯ ದಿನ. ಶನಿವಾರಕ್ಕೆ ಇಪ್ಪತ್ತೊಂದು ತುಂಬಿ, ಮೊಟ್ಟೆಯೊಡೆದು ಮರಿಗಳು ಹೊರಬರಬೇಕು. ಕಂಪನಿ ಕೊಟ್ಟ ಗಡುವು ಅದಕ್ಕೆ ಒಂದು ದಿನ ಮೊದಲು.

"ಕಾವಿಗೆ ಕುಂತಿದ್ದಕ್ಕ ಚೂರಿ ಹಚ್ಚಬಾರದು," ಎಂದಳು ಖಾಜಾಬಿ, ಬುಟ್ಟಿಯ ಕಡೆ ನೋಡದೆ. "ಆದ್ರ ಸಾಹೇಬ್ರು ಹೇಳ್ಯಾರ. ದೊಡ್ಡವರ ಮಾತಿಗೆ ಇಲ್ಲ ಅನ್ನೂದು ಹ್ಯಾಂಗ, ಬೇಟಿ?"

ದೊಡ್ಡವರು. ಆ ಶಬ್ದ ಕಿವಿಗೆ ಬಿದ್ದೊಡನೆ ಹಸೀನಾಳಿಗೆ ಮೈ ಉರಿಯಿತು. ನರಗುಂದದಲ್ಲಿ ಪಿಯುಸಿ ವಿಜ್ಞಾನ ಓದುವಾಗ ಅವಳಿಗೆ ಅಂಟಿದ ಒಂದು ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ: ಸಿಟ್ಟು ಬಂದಾಗ ಬರೆಯುವುದು. ಗುರುವಾರ ಬೆಳಿಗ್ಗೆ ನೋಟುಬುಕ್ಕು ಹಿಡಿದು ಒಂದೊಂದೇ ಶೆಡ್ಡಿಗೆ ಹೊರಟಳು. ಪ್ರತಿ ಬಾಗಿಲಿಗೂ ಕಂಪನಿಯ ಕಾರ್ಡೊಂದು ತೂಗುತ್ತಿರುತ್ತದೆ. ಅಂದು ಸತ್ತ ಕೋಳಿ ಎಷ್ಟು, ಒಳಗೆ ಬಂದವರು ಯಾರು, ಎಂದು ಬಂದರು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಬಂದವರ ಸಹಿಯೂ ಇರುತ್ತದೆ.

ಕೋಳಿ ಮೊದಲು ಬಿದ್ದದ್ದು ಊರ ಮುಂದಿನ ಅರ್ಜುನಪ್ಪನ ಶೆಡ್ಡಿನಲ್ಲಿ. ನಾಲ್ಕನೆಯ ತಾರೀಖು ಬೆಳಿಗ್ಗೆ ಕಳಕೇಶ ಅಲ್ಲಿ ಸತ್ತ ಕೋಳಿಗಳ ಹೊಟ್ಟೆ ಸೀಳಿ ನೋಡಿ, ಬಿಸಿಲು ಬಡಿದದ್ದೆಂದು ಬರೆದು ಸಹಿ ಮಾಡಿದ್ದ. ಅಂದೇ ಮಧ್ಯಾಹ್ನದ ಸಹಿ ಹಳ್ಳದಾಚೆಯ ಹಸೀನಾಳ ಶೆಡ್ಡಿನಲ್ಲಿ. ಒಂಬತ್ತನೆಯ ತಾರೀಖಿಗೆ ಅಲ್ಲಿ ಕೋಳಿ ಬೀಳತೊಡಗಿದ್ದವು. ಐದರಂದು ಸಹಿ ಬಿದ್ದ ಶೆಡ್ಡುಗಳಲ್ಲಿ ಹತ್ತಕ್ಕೆ, ಆರರಂದು ಬಿದ್ದವುಗಳಲ್ಲಿ ಹನ್ನೊಂದಕ್ಕೆ. ಎಲ್ಲೆಡೆ ಅದೇ ಐದು ದಿನ. ಸಾವು ಶೆಡ್ಡಿನಿಂದ ಪಕ್ಕದ ಶೆಡ್ಡಿಗೆ ದಾಟಿರಲಿಲ್ಲ. ಸಹಿಯ ಹಿಂದೆ ಹಿಂದೆ ನಡೆದುಬಂದಿತ್ತು.

ಕಾರ್ಡಿನಲ್ಲಿ ಸಹಿಯಿಲ್ಲದ ಶೆಡ್ಡು ಒಂದೇ, ಮಾನವ್ವನದು. ಅದು ಅರ್ಜುನಪ್ಪನ ಶೆಡ್ಡಿಗೂ ಹಸೀನಾಳ ಶೆಡ್ಡಿಗೂ ನಟ್ಟನಡುವೆ ಇತ್ತು. ಮಾನವ್ವನ ಬಾಯಿಗೆ ಊರೇ ಅಂಜುತ್ತಿತ್ತು. ಕಳಕೇಶ ಬೂಟು ಬಿಚ್ಚಲು ಒಲ್ಲೆನೆಂದಾಗ ಅವಳು ಬಾಗಿಲಿಗೆ ಅಡ್ಡ ನಿಂತು, ಹೆಂಡತಿ ಮನೆಗೂ ಹಿಂಗ ಹೊಕ್ಕೊತೀಯೇನು ಎಂದು ಕೇಳಿ ಅವನನ್ನು ಹೊರಗಿನಿಂದಲೇ ಕಳಿಸಿದ್ದಳು. ಅವಳ ಹೊಲಸು ನಾಲಗೆಯ ಬಗ್ಗೆ ಊರು ಎರಡು ದಿನ ಮಾತಾಡಿಕೊಂಡಿತ್ತು. ಹಸೀನಾಳೂ ಅದರಲ್ಲಿ ಸೇರಿದ್ದಳು. ಈಗ ಮಾನವ್ವನ ಶೆಡ್ಡಿನಲ್ಲಿ ಮೂರು ಸಾವಿರ ಕೋಳಿಗಳು ಕಾಳು ಕುಟುಕುತ್ತಾ ತಿರುಗುತ್ತಿದ್ದವು. ಹೊರಗೆ ಅವಳ ಆರು ಜವಾರಿ ಕೋಳಿಗಳು ಅದೇ ಶೆಡ್ಡಿನ ಜಾಳಿಗೆ ಒರಗಿ ಧೂಳು ಮೀಯುತ್ತಿದ್ದವು.

ಹಸೀನಾ ನೋಟುಬುಕ್ಕು ಮುಚ್ಚಿದಳು. ಉಳಿದದ್ದು ಒಂದೇ ಪ್ರಶ್ನೆ: ಬಾಗಿಲ ಸುಣ್ಣ ದಾಟಿ ರೋಗ ಒಳಗೆ ಬಂದದ್ದು ಹೇಗೆ? ಅದರ ಉತ್ತರ ಕಾರ್ಡು ನೋಡದೆಯೇ ಅವಳಿಗೆ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅರ್ಜುನಪ್ಪನ ಅಂಗಳದ ಬೇವಿನ ಕೆಳಗೆ ಶೆಡ್ಡಿನವರೆಲ್ಲ ಸೇರಿದರು. ಕಳಕೇಶ ಕುರ್ಚಿಯಲ್ಲಿದ್ದ, ಕಾಲಲ್ಲಿ ಗಜೇಂದ್ರಗಡದಲ್ಲಿ ಹೊಸದಾಗಿ ಕೊಂಡ, ಶೆಡ್ಡುಗಳಿಗೆ ಮೆಟ್ಟಿಕೊಂಡು ಬಂದಿದ್ದ ಅದೇ ಕಂದು ಬೂಟು. ಹಸೀನಾ ನಿಂತುಕೊಂಡೇ ತಾರೀಖುಗಳನ್ನು ಓದಿದಳು. ಮಾನವ್ವನ ಶೆಡ್ಡಿನ ತನಕ ಬರುವಷ್ಟರಲ್ಲಿ ಅವನು ನಕ್ಕ.

"ಅಕ್ಕಾರ, ಡಾಕ್ಟರಕಿ ಯಾವಾಗ ಕಲತ್ರಿ?"

ನಾಲ್ಕೈದು ಮಂದಿ ಅವನ ಜೊತೆ ನಕ್ಕರು.

"ಡಾಕ್ಟರಕಿ ಬ್ಯಾಡ್ರಿ, ಐದರ ತನಕ ಎಣಸಾಕ ಬಂದ್ರ ಸಾಕು. ಮಾನವ್ವನ ಶೆಡ್ಡಿಗೆ ಜವಾರಿ ಕೋಳಿ ಬಂದಾವು, ರೋಗ ಬಂದಿಲ್ಲ. ಅಲ್ಲಿಗೆ ಬರದ ಇದ್ದದ್ದು ನಿಮ್ಮ ಬೂಟು ಒಂದ."

ನಗೆ ನಿಂತಿತು. ಕಳಕೇಶನ ಮುಖ ಕೆಂಪಾಯಿತು. ಆದರೆ ಅವನು ದಡ್ಡನಲ್ಲ. ಮುಂದಕ್ಕೆ ಬಾಗಿ, ದನಿ ತಗ್ಗಿಸಿ ಕೇಳಿದ: "ಹಂಗಾರ ಸುಣ್ಣದ ಪರಾತ ಎಲ್ಲಿತ್ತರಿ? ಬಾಗಲದಾಗ ಇಡೂದು ನಿಮ್ಮ ಕೆಲಸ. ನಾ ಬಂದಾಗ ಇರಲಿಲ್ಲಲಾ."

ಅದೇ ಪ್ರಶ್ನೆ. ಶೆಡ್ಡಿನ ಚಪ್ಪಲಿ ಮೆಟ್ಟದೆ ಯಾರೂ ಒಳಗೆ ಬರಬಾರದೆಂದು ಕಾರ್ಡಿನ ಅಡಿಯಲ್ಲಿ ಮುದ್ರಿಸಿದ್ದು ಅವನದೇ ಕಂಪನಿ. ಅದನ್ನು ದಿನವೂ ನೋಡುತ್ತಾ ಅದರ ಮೇಲೆಯೇ ಸಹಿ ಮಾಡಿದವನು, ಇವತ್ತು ಕಾಲ ಮೇಲೆ ಕಾಲು ಹಾಕಿ ಪರಾತದ ಲೆಕ್ಕ ಕೇಳುತ್ತಿದ್ದ.

"ಇತ್ತು. ನಾನ ಸರಿಸಿದೆ," ಎಂದಳು ಹಸೀನಾ. "ನಿಮ್ಮ ಹೊಸಾ ಬೂಟು ಬೆಳ್ಳಗಾದಾವು ಅಂತ, ಕಾಲಿಲೆ ದೂಡಿ ಸರಿಸಿದೆ. ಗಂಡಗ ಬಿಡದ ನೇಮ ನಿಮಗ ಬಿಟ್ಟೆ."

ಅವಳು ಜನರ ಕಡೆ ತಿರುಗಿದಳು. "ನೀವು ಯಾರೂ ಸರಿಸಲಿಲ್ಲೇನ್ರಿ?"

ಒಬ್ಬ ಕಾಲಬೆರಳಿನಿಂದ ಮಣ್ಣು ಕೆದರಿದ, ಇನ್ನೊಬ್ಬ ಟವೆಲು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ. ಎಂಟು ಬಾಗಿಲುಗಳಲ್ಲಿ ಎಂಟು ಪರಾತಗಳು ಸರಿದಿದ್ದವು. ಸಾಹೇಬರಿಗೆ ಬೂಟು ಬಿಚ್ಚಿರಿ ಎನ್ನುವುದು ಅವರ ಊರಿನಲ್ಲಿ ಮರ್ಯಾದೆಗೇಡಿನ ಮಾತು.

ಕೊನೆಗೆ ಅರ್ಜುನಪ್ಪ ಕೆಮ್ಮಿದ. ಅವನು ಎಲ್ಲರಿಗಿಂತ ಹಿರಿಯ, ಹಸೀನಾ ಅವನನ್ನು ಕಾಕಾ ಎಂದೇ ಕರೆಯುತ್ತಿದ್ದಳು.

"ತಪ್ಪು ಯಾರದರ ಇರಲಿ ಹಸೀನಾ. ಶೆಡ್ಡು ಖಾಲಿ ಇಟಗೊಂಡು ಕೂಡ್ರಾಕ ಆಗೂದಿಲ್ಲ. ಜವಾರಿ ಕೋಳಿ ಹೋದ್ರ ನಾಳಿ ಮತ್ತ ಬರ್ತಾವು. ಕಂಪನಿ ಹೋದ್ರ ಬರೂದಿಲ್ಲ."

ಆಗ ಹಸೀನಾಳಿಗೆ ವಿಷಯ ಪೂರ್ತಿ ತಿಳಿಯಿತು. ತಾನು ಹೇಳಿದ್ದನ್ನು ಅವರು ನಂಬಿದ್ದರು, ನಂಬಿದ್ದಕ್ಕೇ ಒಪ್ಪುತ್ತಿರಲಿಲ್ಲ. ಕಳಕೇಶನ ತಪ್ಪೆಂದರೆ ತಮ್ಮದೂ ತಪ್ಪೆಂದಾಗುತ್ತದೆ. ಕೋಳಿಯ ತಪ್ಪೆಂದರೆ ಯಾರದೂ ಅಲ್ಲ. ಕೋಳಿಗೆ ತಿರುಗಿ ಮಾತಾಡಲು ಬಾಯಿಲ್ಲ. ಅವಳು ಯಾರಿಗೂ ಬರುತ್ತೇನೆಂದು ಹೇಳದೆ ಹೊರಟುಬಂದಳು.

ಒಂದು ಗಂಟೆ ಕಳೆದಿರಲಿಲ್ಲ, ಕಳಕೇಶನ ಬೈಕು ಅಂಗಳಕ್ಕೆ ಬಂತು. ಹಿಂದೆ ಅರ್ಜುನಪ್ಪ, ಕೈಯಲ್ಲಿ ಕೋಳಿ ತುಂಬಲು ತಂದ ಖಾಲಿ ಗೋಣಿಚೀಲ. ಮೊದಲು ಶೆಡ್ಡು ತೊಳೆದದ್ದು ಸರಿಯಾಗಿದೆಯೋ ನೋಡುತ್ತೇನೆ, ಆಮೇಲೆ ಕೋಳಿ ಹಿಡಿಯಿರಿ ಎಂದು ಕಳಕೇಶ ನೇರ ಶೆಡ್ಡಿನ ಕಡೆ ನಡೆದ. ಹಸೀನಾ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಏನೋ ಸದ್ದಾಯಿತು.

ಖಾಜಾಬಿ ಪರಾತ ತಂದು ಹೊಸ್ತಿಲಿಗೆ ಅಡ್ಡ ಇಟ್ಟಿದ್ದಳು. ಅಂಚಿನವರೆಗೂ ಹೊಸ ಸುಣ್ಣ. ಪಕ್ಕದಲ್ಲಿ ರಬ್ಬರಿನ ಚಪ್ಪಲಿ. ಬೇವಿನ ಕೆಳಗೆ ನಡೆದದ್ದನ್ನು ಪಕ್ಕದ ಮನೆಯ ಮಾನವ್ವ ನಡುಗೋಡೆಯ ಮೇಲಿನಿಂದ ಆಗಲೇ ಅವಳಿಗೆ ಮುಟ್ಟಿಸಿದ್ದಳು.

"ಬೂಟ ಬಿಚ್ಚರಿ, ಸಾಹೇಬ್ರ," ಎಂದಳು ಖಾಜಾಬಿ. ಅರವತ್ತು ವರ್ಷಗಳಲ್ಲಿ ಅವಳು ಯಾವ ಸಾಹೇಬರಿಗೂ ಅಂಥ ಮಾತು ಆಡಿದವಳಲ್ಲ, ದನಿ ಒಡೆದಿತ್ತು.

"ಅಮ್ಮಾ, ಒಳಗ ಒಂದ ಕೋಳಿ ಇಲ್ಲ. ಖಾಲಿ ಶೆಡ್ಡಿಗೆ ಯಾಕ ಇದು?"

"ಖಾಲಿ ಮಾಡಿದವರಿಗೇ ಹೇಳಾಕ ಹತ್ತೇನಿ. ಅವತ್ತ ನಾನ ಇಕಿಗೆ ಸರಸು ಅಂದಿದ್ದೆ. ಸರಸು ಅಂದ ಬಾಯಿಲೆ ಇವತ್ತ ಬಿಚ್ಚು ಅನ್ನಾಕತ್ತೇನಿ."

ಹಸೀನಾ ಅತ್ತೆಯ ಪಕ್ಕಕ್ಕೆ ಬಂದು ನಿಂತಳು. ಬಾಗಿಲು ಇಬ್ಬರು ಹೆಂಗಸರಷ್ಟೇ ಅಗಲವಿತ್ತು. ಗೋಡೆಯ ಆಚೆಯಿಂದ ಮಾನವ್ವ, ಕಾಲಿಗೆ ವಾಸನಿ ಐತೇನೋ ಪಾಪ, ಅದಕ್ಕ ಬಿಚ್ಚವಲ್ಲ ಎಂದಳು.

ಕಳಕೇಶ ಒಮ್ಮೆ ಬೂಟು ನೋಡಿಕೊಂಡ, ಒಮ್ಮೆ ಅರ್ಜುನಪ್ಪನನ್ನು ನೋಡಿದ. ಬಿಚ್ಚಿದ್ದರೆ ಎರಡು ನಿಮಿಷದ ಕೆಲಸ. ಅವನು ಬಿಚ್ಚಲಿಲ್ಲ.

"ಈ ಶೆಡ್ಡಿಗೆ ಇನ್ನ ಮರಿ ಬರೂದಿಲ್ಲ. ಬರದು ಇಟಗೊಳ್ಳರಿ," ಎಂದು ಬೈಕಿನ ಕಡೆ ತಿರುಗಿದ.

"ಬರದ ಇಟಗೊಂಡೇನಿ," ಎಂದಳು ಹಸೀನಾ. "ನೀವು ಬಂದ ತಾರೀಖೂ ಬರದೇನಿ, ಬಿಚ್ಚದ ಹೋದದ್ದೂ ಬರೀತೇನಿ. ಸೋಮವಾರ ಗದಗಿನ ಪಶು ಆಫೀಸಿಗೆ ಹೋಗಿ ಕೊಡತೇನಿ."

ಬೈಕಿನ ಧೂಳು ಇಳಿದ ಮೇಲೂ ಅರ್ಜುನಪ್ಪ ಚೀಲ ಹಿಡಿದು ಅಲ್ಲೇ ನಿಂತಿದ್ದ. ಹನ್ನೊಂದರಲ್ಲಿ ಹತ್ತು ಕೋಳಿಗಳು ಅವನ ಕಾಲ ಸುತ್ತಲೇ ಮೇಯುತ್ತಿದ್ದವು. ನಿಮ್ಮ ದೆಸೆಯಿಂದ ಊರಿಗೆಲ್ಲ ಮರಿ ನಿಲ್ಲುತ್ತದೆ ಎಂದು ಅವನು ಗೊಣಗಿದ. ಗೊಣಗಿನಲ್ಲಿ ಬಲವಿರಲಿಲ್ಲ.

"ಕಾಕಾ, ನಿಮ್ಮ ಪರಾತ ಎಲ್ಲೈತಿ?"

"ಹಿತ್ತಲದಾಗ. ಕಟ್ಟಿಗಿ ಹಿಂದ ಇಟ್ಟೇನಿ," ಎಂದ. ಆಮೇಲೆ ಚೀಲವನ್ನು ಮಡಚಿ ಕಂಕುಳಿಗೆ ಸಿಕ್ಕಿಸಿ, ಬಂದ ದಾರಿ ಹಿಡಿದ. ಒಂದು ಕೋಳಿಯ ಮೇಲೂ ಕೈ ಹಾಕಲಿಲ್ಲ.

ಹಸೀನಾಳಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಹೊಂಡದ ಮಣ್ಣು ಇನ್ನೂ ಹಸಿಯಾಗಿತ್ತು. ಎಂಟು ಹೊಂಡಗಳ ಮಣ್ಣು ಹಸಿಯಾಗಿತ್ತು. ಒಂದು ಮಾತು, ಹದಿನೈದು ದಿನ ಮೊದಲು ಆಡಬೇಕಾಗಿದ್ದ ಒಂದೇ ಮಾತು. ಖಾಜಾಬಿ ಬುಟ್ಟಿಯ ಹತ್ತಿರ ಕುಳಿತು, ಕರಿ ಕೋಳಿಯ ಹೊಟ್ಟೆಯಡಿ ಕೈಯಿಟ್ಟು ಮೊಟ್ಟೆ ಬೆಚ್ಚಗಿವೆಯೇ ನೋಡುತ್ತಿದ್ದಳು. ಹಸೀನಾ ಖಾಲಿ ಶೆಡ್ಡಿನ ಬಾಗಿಲಲ್ಲಿ ಕುಳಿತು, ಪರಾತದ ಹೊಸ ಸುಣ್ಣದಲ್ಲಿ ಇನ್ನೂ ಪುಡಿಯಾಗದೆ ಉಳಿದಿದ್ದ ಗಂಟುಗಳನ್ನು ಕಲ್ಲಿನಿಂದ ಕುಟ್ಟತೊಡಗಿದಳು. ಗಂಟು ಪುಡಿಯಾದ ಮೇಲೂ ಕುಟ್ಟುವುದನ್ನು ನಿಲ್ಲಿಸಲಿಲ್ಲ.